ಬಾಡಿಗೆಯ ವಿಹಾರನೌಕೆ

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ, ಆಂತೀಬ್ ಎಂಬ ಊರುಂಟು. ಅಲ್ಲಿಯ ಬಂದರಿನಲ್ಲಿ ಸಾಲಾಗಿ ನಿಂತ ಬಿಳಿಯ ಮೋಟಾರು ನೌಕೆಗಳು ಕುಬೇರರ ಸ್ವಂತ ಸೊತ್ತೆಂದು ನೋಡಿದವರಿಗೆ ತೋರುವುದು ಸಹಜ. ಆದರೆ ಅವುಗಳಲ್ಲಿ ಅನೇಕವು ವಾರದ ಲೆಕ್ಕದಲ್ಲಿ ಬಾಡಿಗೆಗೂ ದೊರೆಯುತ್ತವೆ. ಕಪ್ತಾನ, ಅಡಿಗೆಯವ, ಖಲಾಸಿಗಳು ನೌಕೆಯೊಡನೆಯೇ ಬರುತ್ತಾರೆ.

ಹೇಳಿದ ಬಾಡಿಗೆಯೇ ಪೂರ್ಣ ಖರ್ಚೆಂದು ಮಾತ್ರ ತಿಳಿಯಬಾರದು. ಎಣ್ಣೆ, ಊಟೋಪಚಾರ, ಬಂದರಿನ ಶುಲ್ಕ ಇವುಗಳಿಗಾಗಿ ಬಾಡಿಗೆಯ ಸುಮಾರು ಶೇಕಡಾ 25ರಿಂದ 35ರಷ್ಟನ್ನು ಮುಂಗಡ ಕೊಡುವುದು ಅಲ್ಲಿಯ ವಾಡಿಕೆ. ಕಪ್ತಾನನು ಲೆಕ್ಕವಿಟ್ಟು, ಉಳಿದುದನ್ನು ಹಿಂದಿರುಗಿಸುತ್ತಾನೆ. ಸಾಲದಿದ್ದರೆ ಮತ್ತೆ ಕೇಳುತ್ತಾನೆ. ತೆರಿಗೆ, ಭಕ್ಷೀಸು ಬೇರೆ. ವೇಗ ಹೆಚ್ಚಿದಷ್ಟೂ ಎಣ್ಣೆ ಉರಿಯುವುದರಿಂದ, ಒಂದೇ ವಾರದಲ್ಲಿ ಎಲ್ಲ ಊರುಗಳನ್ನೂ ನೋಡುವ ಹಟ ದುಬಾರಿ.

ದೊಡ್ಡ ಕುಟುಂಬದವರು ತಲೆ ಎಣಿಸಿಕೊಳ್ಳಬೇಕು. ಪ್ರಯಾಣಿಕರು 12ಕ್ಕೆ ಮೀರಿದರೆ ಅಂತರರಾಷ್ಟ್ರೀಯ ನಿಯಮದಂತೆ ಅದು ಪ್ರಯಾಣಿಕರ ಹಡಗೆನಿಸಿ, ಕಟ್ಟಳೆಗಳು ಬಿಗಿಯಾಗುತ್ತವೆ. ವರ್ಷ ತುಂಬದ ಕೂಸು ಮಾತ್ರ ಎಣಿಕೆಗಿಲ್ಲ. ಅಜ್ಜಿಯಿಂದ ಮೊಮ್ಮಗನವರೆಗೆ ಉಳಿದವರೆಲ್ಲ ಲೆಕ್ಕಕ್ಕೆ ಸೇರುತ್ತಾರೆ.

ಕಂಡಲ್ಲಿ ಲಂಗರು ಇಳಿಸುವಂತೆಯೂ ಇಲ್ಲ. ಸಮುದ್ರದ ತಳದಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲು ಬೆಳೆಯುತ್ತದೆ. ಮೀನುಮರಿಗಳಿಗೆ ಅದೇ ತೊಟ್ಟಿಲು. ಲಂಗರು ಅದನ್ನು ಬೇರುಸಹಿತ ಕೀಳುತ್ತದೆ. ಆದುದರಿಂದ 24 ಮೀಟರು ಮತ್ತು ಅದಕ್ಕೂ ಉದ್ದದ ನೌಕೆಗಳು ಆಂತೀಬಿನ ಸುತ್ತಲಿನ ಹುಲ್ಲುಗಾವಲುಗಳಲ್ಲಿ ಲಂಗರು ಹಾಕುವುದನ್ನು 2020ರಲ್ಲಿ ನಿಷೇಧಿಸಲಾಯಿತು.

ಇನ್ನು ಮಿಸ್ತ್ರಾಲ್ ಎಂಬ ವಾಯವ್ಯದ ಗಾಳಿ ಎದ್ದರೆ ಹೊರಡಬೇಕೆ, ಬೇಡವೆ ಎಂಬುದು ಕಪ್ತಾನನ ತೀರ್ಮಾನ, ಹಣ ಕೊಟ್ಟವರದಲ್ಲ. ಒಪ್ಪಂದಕ್ಕೆ ರುಜು ಹಾಕುವ ಮೊದಲು ಇವಿಷ್ಟನ್ನೂ ವಿಚಾರಿಸಿಕೊಳ್ಳುವುದು ಕ್ಷೇಮ.