ದಾರಿ ತೋರುವ ಅಕ್ಷರಗಳು

ಪುಸ್ತಕದ ಅಕ್ಷರವನ್ನು ನಾವು ಕುಳಿತು ಓದುತ್ತೇವೆ. ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಮರಳುತ್ತೇವೆ. ರಸ್ತೆಬದಿಯ ಫಲಕಕ್ಕೆ ಆ ಭಾಗ್ಯವಿಲ್ಲ. ಅದನ್ನು ಓಡುತ್ತಲೇ, ಒಂದೇ ನೋಟದಲ್ಲಿ ಓದಬೇಕು. ಆದ್ದರಿಂದ ಫಲಕದ ಅಕ್ಷರಕ್ಕೆ ಅಂದಕ್ಕಿಂತ ಸ್ಪಷ್ಟತೆಯೇ ಮೊದಲ ಗುಣ.

ಒಂದು ಸಣ್ಣ ಲೆಕ್ಕ ಮಾಡೋಣ. ಸೇಲಂ ಕಡೆಯಿಂದ ಅವಿನಾಶಿಯ ಮಾರ್ಗವಾಗಿ ಕೊಯಮತ್ತೂರಿಗೆ ಬರುವ 544ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಸಾಗುವ ವಾಹನವು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಹೋಗುತ್ತದೆ. ರೋಮನ್ ಅಕ್ಷರದ ಎತ್ತರ 1 ಸೆಂ.ಮೀ. ಇದ್ದರೆ ಅದನ್ನು ಸುಮಾರು 3.6 ಮೀಟರ್ ದೂರದಿಂದ ಓದಬಹುದೆಂದು ಅಮೆರಿಕದ ರಸ್ತೆಚಿಹ್ನೆಗಳ ಕೈಪಿಡಿ ಎಣಿಸುತ್ತದೆ. ಹಾಗಾದರೆ 15 ಸೆಂ.ಮೀ. ಎತ್ತರದ ಅಕ್ಷರ 54 ಮೀಟರ್ ದೂರದಿಂದ ಕಾಣುತ್ತದೆ. ಅಂದರೆ ಚಾಲಕನಿಗೆ ದೊರೆಯುವ ಕಾಲ ಎರಡೂವರೆ ಸೆಕೆಂಡಿಗೂ ಕಡಿಮೆ! ಅಷ್ಟರಲ್ಲಿ ತಿರುಪ್ಪೂರಿಗೆ ತಿರುಗಬೇಕೋ, ನೇರ ಹೋಗಬೇಕೋ ಎಂಬುದನ್ನು ಅವನು ತೀರ್ಮಾನಿಸಬೇಕು. ತಡವಾಗಿ ಓದಿದವನು ಹಠಾತ್ತನೆ ಬ್ರೇಕ್ ಹಾಕುತ್ತಾನೆ. ಹಿಂದೆ ಬರುವ ಬೈಕಿನವನ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಈ ವಿಷಯವನ್ನು ಬ್ರಿಟನ್ನಿನ ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಆಳವಾಗಿ ಯೋಚಿಸಿದರು. 1958ರಲ್ಲಿ ತೆರೆದ ಪ್ರೆಸ್ಟನ್ ಬೈಪಾಸ್ ಹೆದ್ದಾರಿಯಲ್ಲಿ ಅವರ ಫಲಕಗಳು ಮೊದಲು ನಿಂತವು. 1965ರಿಂದ ಅವರ ಪದ್ಧತಿ ದೇಶಕ್ಕೆಲ್ಲ ಬಂದಿತು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದವು. ದೂರದಿಂದ ಪದವು ಬರಿಯ ಪಟ್ಟಿಯಂತೆ ತೋರುತ್ತದೆ. ಸಣ್ಣಕ್ಷರಗಳಲ್ಲಿ ಕೆಲವು ಮೇಲೇಳುತ್ತವೆ, ಕೆಲವು ಕೆಳಗಿಳಿಯುತ್ತವೆ. ಹೀಗೆ ಪ್ರತಿ ಊರಿನ ಹೆಸರಿಗೂ ತನ್ನದೇ ಆಕಾರ ಬರುತ್ತದೆ. ಬೆಳಕು ಬಿದ್ದಾಗ ಬಿಳಿಯ ಅಕ್ಷರ ಉಬ್ಬಿದಂತೆ ಕಾಣುವುದರಿಂದ ಅವರು ಬಿಳಿಯಕ್ಷರಕ್ಕೆ ತೆಳುವಾದ, ಕರಿಯಕ್ಷರಕ್ಕೆ ದಪ್ಪವಾದ ಗೆರೆಗಳನ್ನು ಇಟ್ಟರು.

ನಮ್ಮ ನೆರೆಯ ತಮಿಳಿನಲ್ಲಿಯೂ ಅಕ್ಷರದ ರೂಪ ಬದಲಾಯಿತು. ಮೊದಲು ಣ, ನ, ಲ, ಳ ಇವುಗಳಿಗೆ ಐಕಾರ ಸೇರಿದಾಗ ಮುಂದೆ ಆನೆಯ ಸೊಂಡಿಲಿನಂತಹ ಸುರುಳಿ ಬರುತ್ತಿತ್ತು. ಉಳಿದ ಅಕ್ಷರಗಳಿಗೆ ಬೇರೆ ಚಿಹ್ನೆ. ಪೆರಿಯಾರ್ ಅವರು 1935ರಲ್ಲಿ ತಮ್ಮ 'ಕುಡಿ ಅರಸು' ಪತ್ರಿಕೆಯಲ್ಲಿ ಸರಳರೂಪಗಳನ್ನು ಬಳಸತೊಡಗಿದರು. 1978ರಲ್ಲಿ ತಮಿಳುನಾಡು ಸರ್ಕಾರ ಅವುಗಳಲ್ಲಿ ಹಲವನ್ನು ಅಂಗೀಕರಿಸಿತು. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟ್ಟೈ ಹೆಸರನ್ನು ನೋಡಿ: ಹಳೆಯ ಬರಹದಲ್ಲಿ 'ಲೈ'ಗೆ ಸೊಂಡಿಲು, 'ಟೈ'ಗೆ ಮತ್ತೊಂದು ಚಿಹ್ನೆ. ಒಂದೇ ಪದದಲ್ಲಿ ಒಂದೇ ಸ್ವರಕ್ಕೆ ಎರಡು ವೇಷ! ಈಗ ಎರಡಕ್ಕೂ ಒಂದೇ. ಕೊಯಮತ್ತೂರು ಜಿಲ್ಲೆಯ ಆನೈಮಲೈ, ಅಂದರೆ ಆನೆಬೆಟ್ಟ, ತನ್ನ ಹೆಸರಿನಲ್ಲಿದ್ದ ಎರಡು ಸೊಂಡಿಲುಗಳನ್ನೂ ಹೀಗೆ ಬಿಟ್ಟುಕೊಟ್ಟಿತು.

ಕನ್ನಡದ ತೊಡಕು ಬೇರೆ ಬಗೆಯದು. 'ಪಲ್ಲಡಂ' ಎಂಬ ಹೆಸರಿನ ಒತ್ತಿದ ಲಕಾರವನ್ನು ತಮಿಳಿನವರು ಚುಕ್ಕೆಯಿಟ್ಟು ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಆದ್ದರಿಂದ ಅದೇ ಎತ್ತರದ ಫಲಕದಲ್ಲಿ ಕನ್ನಡದ ಮೂಲಾಕ್ಷರ ಕಿರಿದಾಗುತ್ತದೆ. ಅದರ ಮೇಲೆ ದ-ಧ, ಬ-ಭ, ಪ-ವ ಇವುಗಳ ನಡುವಣ ಭೇದ ಒಂದು ಸಣ್ಣ ಗೆರೆ ಅಥವಾ ಬಾಗು ಮಾತ್ರ. ಬರೆಯುವವರು ಆ ಗೆರೆಯನ್ನು ಎದ್ದುಕಾಣಿಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು.

ಅಕ್ಷರ ಬಾರದವರಿಗೂ ಫಲಕ ಮಾತನಾಡಬೇಕು. ಚಾಮರಾಜನಗರದಿಂದ ಕೊಯಮತ್ತೂರಿಗೆ ಬರುವ ಕನ್ನಡಿಗ ಚಾಲಕ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಅವನಿಗೆ ತಮಿಳು ಬಾರದಿದ್ದರೂ ಬಾಗಿದ ಬಾಣದ ಚಿತ್ರ ಎಚ್ಚರಿಕೆ ಕೊಡುತ್ತದೆ. ಆದರೆ ಊರಿನ ಹೆಸರನ್ನು ಚಿತ್ರ ಹೇಳಲಾರದು. ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಕನ್ನಡ ಮಾತ್ರ ಓದಬಲ್ಲ ಅಜ್ಜಿ ಪಕ್ಕದವರನ್ನೇ ಕೇಳಬೇಕು. ಗಡಿನಾಡಿನ ಮಕ್ಕಳು ಎರಡು ಲಿಪಿಗಳನ್ನೂ ಕಲಿತರೆ ಮನೆಮಂದಿಗೆಲ್ಲ ಕಣ್ಣಾಗುತ್ತಾರೆ.

ವಿದ್ಯಾರ್ಥಿಗಳೇ, ಒಂದು ಪ್ರಯೋಗ ಮಾಡಿ. 5 ಸೆಂ.ಮೀ. ಎತ್ತರದಲ್ಲಿ 'ದನ', 'ಧನ' ಎಂದು ಎರಡು ಹಾಳೆಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಭೇದ ಮರೆಯಾಗುವವರೆಗೆ ಹಿಂದೆ ಸರಿಯಿರಿ, ಹೆಜ್ಜೆಗಳನ್ನು ಎಣಿಸಿ. ಬಳಿಕ ಮನೆಯ ಹಿರಿಯರಿಂದಲೂ ಅದನ್ನೇ ಮಾಡಿಸಿ. ಅವರ ಎಣಿಕೆ ನಿಮ್ಮದಕ್ಕಿಂತ ಕಡಿಮೆಯಾದರೆ, ಫಲಕವನ್ನು ಯಾರ ಕಣ್ಣಿಗೆ ತಕ್ಕಂತೆ ಬರೆಯಬೇಕೆಂಬುದು ನಿಮಗೇ ತಿಳಿಯುತ್ತದೆ.