ಬಲಗುಂದಿದ ಬ್ಯಾಟರಿಯೂ ಅದರ ಪುನರುಜ್ಜೀವನವೂ

ದಾವಣಗೆರೆ, ಹರಿಹರದ ಸೀಮೆಗೆ ಯಂತ್ರವೆಂಬುದು ಹೊಸ ವಸ್ತುವಲ್ಲ. ಹರಿಹರದಲ್ಲಿ 1941ರಲ್ಲಿಯೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಲೇತು ಮೊದಲಾದ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಈಗಲಾದರೋ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಅನೇಕರ ಮನೆಗಳ ಮುಂದೆ ಟ್ರ್ಯಾಕ್ಟರೂ ಕಾರೂ ನಿಂತಿರುತ್ತವೆ. ಕೊಯ್ಲು ಮುಗಿದ ಮೇಲೆ ಮುಂದಿನ ಉಳುಮೆಯವರೆಗೆ ವಾಹನವನ್ನು ಹಾಗೆಯೇ ಬಿಟ್ಟರೆ, ನೆಲ ಹದವಾದ ದಿನ ಕೀಲಿ ತಿರುಗಿಸಿದಾಗ ಅದು ಚಾಲೂ ಆಗುವುದಿಲ್ಲ. ಹದವು ಯಾರಿಗೂ ಕಾಯುವುದಿಲ್ಲ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕು. ಆಗ ನೆರೆಹೊರೆಯವರು ಹೇಳಿದ ಉಪಾಯಗಳನ್ನೆಲ್ಲ ಪ್ರಯೋಗಿಸುವುದುಂಟು. ಇವುಗಳಲ್ಲಿ ಫಲಕಾರಿಯಾದುದು ಯಾವುದು, ವ್ಯರ್ಥವಾದುದು ಯಾವುದು, ಅಪಾಯಕರವಾದುದು ಯಾವುದು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅವಶ್ಯವಾಗಿ ತಿಳಿದಿರತಕ್ಕದ್ದು.

ಬಲಗುಂದಲು ಕಾರಣ

ಸೀಸದ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ಕಂಡುಹಿಡಿದನು. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪ್ರತಿಯೊಂದರಲ್ಲಿಯೂ ಸೀಸದ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುಚ್ಛಕ್ತಿಯು ವ್ಯಯವಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಬೇಗನೆ ಚಾರ್ಜು ಮಾಡಿದರೆ ಅದು ಕರಗಿಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿಯಾದ ಹರಳುಗಳಾಗಿ ಫಲಕವನ್ನು ಮುಚ್ಚಿಬಿಡುತ್ತದೆ. ಬೇಸಗೆಯ ಸೆಕೆಯಲ್ಲಿ ನೀರು ಇಂಗಿ ಫಲಕಗಳು ಬಯಲಾದರೆ ಕೇಡು ಇಮ್ಮಡಿಯಾಗುತ್ತದೆ.

ಮೊದಲು ಪರೀಕ್ಷೆ

ಚಿಕಿತ್ಸೆಗೆ ಮೊದಲು ರೋಗವನ್ನು ತಿಳಿಯಬೇಕು. ಪೆಟ್ಟಿಗೆಯು ಉಬ್ಬಿದ್ದರೆ ಅಥವಾ ಬಿರುಕುಬಿಟ್ಟಿದ್ದರೆ ಮುಂದಿನ ಪ್ರಯತ್ನವೇ ಕೂಡದು. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯನ್ನು ಮೀಟರಿನಿಂದ ಅಳೆದಾಗ 12.6 ವೋಲ್ಟು ಬಂದರೆ ಪೂರ್ಣ, 12.2 ಬಂದರೆ ಅರ್ಧ, 11.8ಕ್ಕಿಂತ ಕಡಿಮೆಯಾದರೆ ಬರಿದು. ಚಾರ್ಜು ಮಾಡಿದ ಮೇಲೆಯೂ 10.5ರ ಸುಮಾರಿನಲ್ಲಿಯೇ ನಿಂತರೆ ಒಂದು ಕೋಶವು ಸತ್ತಿರುವ ಸಂಭವವೇ ಹೆಚ್ಚು. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರೋಮೀಟರು ಇನ್ನೂ ನಂಬತಕ್ಕದ್ದು: ಪೂರ್ಣ ಚಾರ್ಜಿನ ಕೋಶವು 1.265ರ ಆಸುಪಾಸು ತೋರಿಸುತ್ತದೆ. ಚಾರ್ಜಾದ ಬಳಿಕ ಒಂದು ಕೋಶವು ಉಳಿದವುಗಳಿಗಿಂತ 0.050ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಆ ಬ್ಯಾಟರಿಯ ಆಸೆಯನ್ನು ಬಿಡಬೇಕು.

ಫಲ ಕೊಡುವ ಚಿಕಿತ್ಸೆ

ಹರಳು ಇನ್ನೂ ಗಟ್ಟಿಯಾಗದಿದ್ದಲ್ಲಿ ಬಟ್ಟಿ ಇಳಿಸಿದ ನೀರು, ನಿಧಾನವಾದ ಚಾರ್ಜು, ತಾಳ್ಮೆ ಎಂಬ ಮೂರೇ ಔಷಧಗಳು ಸಾಕು. ಮೊದಲು ಫಲಕಗಳು ಮುಳುಗುವಷ್ಟು ಮಾತ್ರ ನೀರು ಹಾಕಿ, ಚಾರ್ಜಾದ ನಂತರ ಗುರುತಿನವರೆಗೆ ತುಂಬತಕ್ಕದ್ದು. ಬಾವಿಯ ನೀರಾಗಲಿ ಕೊಳವೆಬಾವಿಯ ನೀರಾಗಲಿ ಕೂಡದು; ಅದರಲ್ಲಿರುವ ಲವಣಗಳು ಫಲಕಗಳಿಗೆ ಮಾರಕ. 80 ಆಂಪಿಯರ್-ಗಂಟೆಯ ಬ್ಯಾಟರಿಗೆ 4 ಆಂಪಿಯರಿನಂತೆ ಒಂದು ಹಗಲು ಒಂದು ರಾತ್ರಿ ಚಾರ್ಜು ಕೊಡಬೇಕು. ನಡುವೆ ಕರೆಂಟು ಹೋದರೆ ಚಿಂತೆಯಿಲ್ಲ. ಪೆಟ್ಟಿಗೆ ಕೈಗೆ ಬಿಸಿಯಾಗಿ ತಾಗಿದರೆ ನಿಲ್ಲಿಸಿ ತಣಿಯಲು ಬಿಡಬೇಕು. ಅನಂತರ ಅರ್ಧ ದಿನ ಬಿಟ್ಟು ಪುನಃ ಅಳೆಯಬೇಕು. ಇಂಜಿನನ್ನು ತಿರುಗಿಸುವಾಗ ವೋಲ್ಟು 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿಯು ಇನ್ನೂ ಕೆಲಸಕ್ಕೆ ಬರುತ್ತದೆ.

ಚಾರ್ಜಿನ ಕಾಲದಲ್ಲಿ ಹೊರಡುವ ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿಯೇ ಮಾಡಬೇಕು. ಬೀಡಿ, ದೀಪ ಹತ್ತಿರ ಬರಕೂಡದು. ಸ್ವಿಚ್ಚು ಆರಿಸಿದ ಮೇಲೆಯೇ ತಂತಿಯನ್ನು ತೆಗೆಯತಕ್ಕದ್ದು. ಆಮ್ಲವು ಕಣ್ಣಿಗೆ ಸಿಡಿದರೆ ಕಾಲು ಗಂಟೆ ಧಾರಾಳವಾದ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಬಿಡತಕ್ಕ ಉಪಾಯಗಳು

ಆಸ್ಪಿರಿನ್ ಮಾತ್ರೆ ಹಾಕಿದರೆ ಒಂದೆರಡು ದಿನ ಚುರುಕು ಬಂದಂತೆ ಕಾಣಬಹುದು. ಆದರೆ ಅದರಿಂದಾಗುವ ಅಸಿಟಿಕ್ ಆಮ್ಲವು ಸೀಸವನ್ನೇ ತಿಂದುಹಾಕುತ್ತದೆ. ಎಪ್ಸಮ್ ಉಪ್ಪು ಸವೆದ ಫಲಕವನ್ನು ಮರಳಿ ಬೆಳೆಸಲಾರದು. ಹೊಸ ಆಮ್ಲವನ್ನು ಸುರಿದರೆ ಹೈಡ್ರೋಮೀಟರು ಮೋಸಹೋಗುತ್ತದೆಯೇ ಹೊರತು ಬ್ಯಾಟರಿಗೆ ಬಲ ಬರುವುದಿಲ್ಲ. ವೆಲ್ಡಿಂಗ್ ಯಂತ್ರದ ತಂತಿಯನ್ನು ತಗುಲಿಸುವುದಂತೂ ಪ್ರಾಣಾಪಾಯಕರ.

ಸತ್ತ ಬ್ಯಾಟರಿಯ ಗತಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಸೀಸದ ಆಸೆಗೆ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯುವುದು, ಒಲೆಯಲ್ಲಿ ಕರಗಿಸುವುದು, ಆಮ್ಲವನ್ನು ಚರಂಡಿಗೆ ಸುರಿಯುವುದು ಘೋರವಾದ ತಪ್ಪು. ಮಣ್ಣು ಸೇರಿದ ಸೀಸವು ತಲೆಮಾರುಗಳು ಕಳೆದರೂ ಹೋಗುವುದಿಲ್ಲ. ಅಲ್ಪಸ್ವಲ್ಪ ಸೀಸವೂ ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ದನಕರುಗಳಿಗೆ ಒಡೆದ ಬ್ಯಾಟರಿಯನ್ನು ನೆಕ್ಕುವ ಚಪಲವುಂಟು; ಕಣ್ಣು ಕಾಣದಾಗುವುದು, ಹಲ್ಲು ಕಡಿಯುವುದು, ಸುತ್ತು ತಿರುಗುವುದು ಇದರ ಲಕ್ಷಣಗಳು. ಬಹುಮಟ್ಟಿಗೆ ಮರಣವೇ ಇದರ ಅಂತ್ಯ; ಬದುಕಿದ ಹಸುವಿನ ಹಾಲಿನಲ್ಲಿಯೂ ಸೀಸವಿರಬಹುದು. ದಾವಣಗೆರೆ ನಗರವು ಕುಡಿಯುವ ನೀರಿನಲ್ಲಿ ಹರಿಹರದ ಬಳಿ ಎತ್ತುವ ತುಂಗಭದ್ರೆಯ ನೀರೂ ಸೇರಿದೆ ಎಂಬುದನ್ನೂ ನೆನೆಯಬೇಕು.

2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯು ತಯಾರಕರದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಪ್ಪಿಸಿದರೆ ಬೆಲೆಯಲ್ಲಿ ವಜಾ ಸಹ ಸಿಕ್ಕುವುದುಂಟು. ಒಡೆಯದೆ, ಆಮ್ಲವನ್ನು ಚೆಲ್ಲದೆ ಕೊಡತಕ್ಕದ್ದು.

ಕೊನೆಯದಾಗಿ, ವಾಹನವನ್ನು ಬಹುಕಾಲ ನಿಲ್ಲಿಸುವವರು ಬ್ಯಾಟರಿಯನ್ನು ಪೂರ್ಣ ಚಾರ್ಜು ಮಾಡಿ, ಋಣ ತುದಿಯ ತಂತಿಯನ್ನು ಕಳಚಿಡಬೇಕು. ತಿಂಗಳಿಗೊಮ್ಮೆ ಅಳೆದು, 12.4 ವೋಲ್ಟಿಗಿಂತ ಕಡಿಮೆಯಾಗಿದ್ದರೆ ಪುನಃ ಚಾರ್ಜು ಕೊಡಬೇಕು. ಇಷ್ಟು ಶ್ರಮವಹಿಸಿದವರಿಗೆ ಮೇಲ್ಕಂಡ ಚಿಕಿತ್ಸೆಯ ಅಗತ್ಯವೇ ಬಹುಶಃ ಬೀಳಲಾರದು.