ಉಪ್ಪಿನ ಬಳಗ

ಫ್ಲೂರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದ ಮೂಲವಸ್ತುಗಳನ್ನು ರಸಾಯನಶಾಸ್ತ್ರಜ್ಞರು ಹ್ಯಾಲೊಜನ್‌ಗಳೆಂದು ಕರೆಯುತ್ತಾರೆ. ಗ್ರೀಕ್ ಮೂಲದ ಈ ಹೆಸರಿಗೆ ‘ಲವಣಜನಕ’ವೆಂದು ಅರ್ಥ. ನೀರು ಸೋಕಿದರೆ ಸಿಡಿಯುವ ಸೋಡಿಯಂ ಲೋಹವೂ ಉಸಿರುಗಟ್ಟಿಸುವ ಕ್ಲೋರಿನ್ ಅನಿಲವೂ ಕೂಡಿದರೆ ಆಗುವುದು ನಮ್ಮ ನಿತ್ಯದ ಸಾರಿನ ಉಪ್ಪು!

ನಗರದ ನಲ್ಲಿನೀರಿನ ಘಾಟಿಗೆ ಮೂಗು ಮುರಿಯುವವರು ಬಹಳ. ಆದರೆ ಕಾಲರಾ, ವಿಷಮಶೀತಜ್ವರಗಳ ರೋಗಾಣುಗಳನ್ನು ನಾಶಮಾಡುವುದು ಆ ಘಾಟಿನ ಕ್ಲೋರಿನ್ನೇ. ಲೀಟರಿಗೆ 0.2 ಮಿಲಿಗ್ರಾಂನಷ್ಟು ಅದು ನೀರಿನಲ್ಲಿ ಉಳಿದಿದ್ದರೆ, ದಾರಿಯಲ್ಲಿ ಸೇರುವ ಅಲ್ಪಸ್ವಲ್ಪ ಮಾಲಿನ್ಯಕ್ಕೂ ರಕ್ಷಣೆ ದೊರೆಯುತ್ತದೆ. ಕಾರ್ಖಾನೆಗಳಲ್ಲಿ ಪಿ.ವಿ.ಸಿ. ಕೊಳವೆ, ಔಷಧಿ, ಕಾಗದಗಳ ತಯಾರಿಕೆಗೂ ಕ್ಲೋರಿನ್ ಬೇಕು. ಗೃಹಿಣಿಯರು ಮರೆಯಬಾರದ ಸಂಗತಿಯೊಂದಿದೆ: ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರಿಗೆ ಆಸಿಡ್ಡನ್ನು ಎಂದಿಗೂ ಬೆರೆಸಕೂಡದು. ಹಾಗೆ ಬೆರೆಸಿದೊಡನೆ ಹೊಮ್ಮುವ ಕ್ಲೋರಿನ್ ಅನಿಲ, ನಗರದ ಮನೆಗಳ ಕಿರಿದಾದ ಬಚ್ಚಲಿನಲ್ಲಿ ಶ್ವಾಸಕೋಶಕ್ಕೇ ಅಪಾಯ ತಂದೀತು. ಘಾಟು ಬಡಿದರೆ ಕೆಲಸ ಅಲ್ಲಿಯೇ ಬಿಟ್ಟು ಬಯಲ ಗಾಳಿಗೆ ಬರಬೇಕು. ಕೆಮ್ಮು, ಉಬ್ಬಸ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಬ್ರೋಮಿನ್ ನಮಗೆ ಅಷ್ಟು ಪರಿಚಿತವಲ್ಲ. ಆದರೂ ಅಜ್ಜ ಅಜ್ಜಿಯರ ಕಪ್ಪುಬಿಳುಪು ಭಾವಚಿತ್ರಗಳು ಮೂಡಿದ್ದು ಬೆಳ್ಳಿಯ ಬ್ರೋಮೈಡಿನ ಕೃಪೆಯಿಂದ. ಫ್ಲೂರಿನ್ನಿನ ಲವಣವಾದ ಫ್ಲೋರೈಡು ಅಲ್ಪವಿದ್ದರೆ ಹಲ್ಲಿನ ಹುಳುಕನ್ನು ತಡೆಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳು ಕಂದುಗಟ್ಟುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಹಿರಿಯರ ಬೆನ್ನು, ಕೀಲುಗಳು ಬಿಗಿಯುತ್ತವೆ. ತೆಲಂಗಾಣದ ನಲ್ಗೊಂಡ ಈ ಸಂಕಟಕ್ಕೆ ಹೆಸರಾದ ಜಿಲ್ಲೆ. ಸುಣ್ಣ, ಪಟಿಕಗಳನ್ನು ಬಳಸಿ ಫ್ಲೋರೈಡನ್ನು ತಗ್ಗಿಸುವ ವಿಧಾನಕ್ಕೂ ಅದರ ಹೆಸರೇ ನಿಂತಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ.

ಇನ್ನು ಅಯೋಡಿನ್. ಗಾಯಕ್ಕೆ ಹಚ್ಚುವ ಟಿಂಕ್ಚರ್ ಎಲ್ಲರಿಗೂ ಗೊತ್ತು. ಆದರೆ ಅದರ ಹಿರಿಯ ಕಾರ್ಯ ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ನಡೆಯುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದುದು ಕೇವಲ 150 ಮೈಕ್ರೋಗ್ರಾಂ; ಗರ್ಭಿಣಿಗೆ ಇನ್ನೂ ಹೆಚ್ಚು. ಅದು ತೀರ ಸಾಲದಿದ್ದರೆ ತಾಯಿಗೆ ಗಳಗಂಡ ಬರಬಹುದು, ಹುಟ್ಟುವ ಮಗುವಿನ ಬುದ್ಧಿಯೇ ಕುಂದಬಹುದು. 1956ರಲ್ಲಿ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಜನರಿಗೆ ಅಯೋಡಿನ್‌ಯುಕ್ತ ಉಪ್ಪನ್ನು ಒದಗಿಸಿ ಪರೀಕ್ಷಿಸಿದರು. ಕೆಲವೇ ವರ್ಷಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು.

ಇಷ್ಟಾಗಿಯೂ ಶ್ರೇಷ್ಠವೆಂದು ಬರಿಯ ಸೈಂಧವ ಲವಣಕ್ಕೇ ಮಾರುಹೋಗುವವರುಂಟು. ಸಾಮಾನ್ಯವಾಗಿ ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಕೊಂಡುತಂದ ಅಯೋಡಿನ್ ಉಪ್ಪನ್ನಾದರೂ ತೇವ, ಬಿಸಿಲು, ಒಲೆಯ ಝಳಗಳಿಂದ ದೂರವಿರಿಸಿ, ಮುಚ್ಚಳ ಭದ್ರವಾದ ಭರಣಿಯಲ್ಲಿ ಇಡಬೇಕು.